ಜೋಡಿಗೆ ಬಂದ ವೈನಿ

ನನಗಿಂತ ಚೆನ್ನಾಗಿ ಹಾಡುವ ಬಹಳ ಮಂದಿಯನ್ನು ನಾನು ಕೇಳಿದ್ದೇನೆ. ದೊಡ್ಡವರ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ್ದೇನೆ. ಅವರಲ್ಲಿ ಯಾರ ಮೇಲೂ ನನಗೆ ಹೊಟ್ಟೆಕಿಚ್ಚು ಬಂದಿಲ್ಲ. ಅವರು ದೂರದವರು, ಅವರ ಮನೆತನ, ಅವರ ಗುರು, ಅವರ ಸಾಧನೆ ಎಲ್ಲ ಬೇರೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ನನಗೆ ಹೊಟ್ಟೆಕಿಚ್ಚು ಬಂದದ್ದು ಒಬ್ಬರ ಮೇಲೆ ಮಾತ್ರ. ಅವರು ನಮ್ಮ ಮನೆಯಲ್ಲೇ ಇದ್ದರು. ನಾನು ತಿನ್ನುವ ರೊಟ್ಟಿಯನ್ನು ಅವರೇ ಬಡಿಯುತ್ತಿದ್ದರು, ನನ್ನ ಹೆರಳನ್ನು ಅವರೇ ಹಾಕುತ್ತಿದ್ದರು. ನಮ್ಮ ಅಣ್ಣನ ಹೆಂಡತಿ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಕೊನೆಯವರೆಗೂ ನಾನು ಅವರನ್ನು ಹಾಗೆಯೇ ಕರೆದೆ. ಇಲ್ಲೂ ಹಾಗೆಯೇ ಕರೆಯುತ್ತೇನೆ.

ವೈನಿ ಹೋದದ್ದು ಈ ಚಳಿಗಾಲದಲ್ಲಿ. ಮಧ್ಯಾಹ್ನ ಊಟ ಮಾಡಿ ಎದ್ದವರು ಎದೆ ಹಿಡಿದುಕೊಂಡಂತಾಗುತ್ತದೆ ಎಂದರಂತೆ. ಅಣ್ಣ ಗಾಡಿ ತೆಗೆದು ತಿಕೋಟಾದಿಂದ ವಿಜಯಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತು ಕೂಡ ದಾಟಿರಲಿಲ್ಲ. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ಅಕ್ಕರೆಯ ಮಾತುಗಳೇ ಮೊದಲು ಬರುತ್ತವೆ. ಅವು ಸುಳ್ಳಲ್ಲ. ಆದರೆ ಅಕ್ಕರೆಯಿಂದ ನೋಡಿದವರು ಬೇಕಾದಷ್ಟು ಜನರಿದ್ದಾರೆ. ಹೊಟ್ಟೆಕಿಚ್ಚಿನಿಂದ ನೋಡಿದವಳು ನಾನೊಬ್ಬಳೇ. ಹಾಗೆ ನೋಡುವವರಿಗೆ ಎದುರಿನವರ ಒಂದು ಉಸಿರೂ ತಪ್ಪುವುದಿಲ್ಲ.

ಬಬಲೇಶ್ವರದ ಹುಡುಗಿ ಅವರು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. ಗಿಡ್ಡ ಆಳು, ಅಗಲ ಹಣೆ, ನಡೆಯುವುದರಲ್ಲಿ ಯಾವಾಗಲೂ ಅವಸರ. ನಗೆಮಾತು ಹೇಳಲು ಹೊರಟರೆ ಹೇಳಿ ಮುಗಿಸುವ ಮೊದಲು ತಾವೇ ನಕ್ಕುಬಿಡುತ್ತಿದ್ದರು. ಮಾತು ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ಎಲ್ಲರೂ ನಗುತ್ತಿದ್ದರು. ಏನಾದರೂ ಕೆಟ್ಟರೆ, ಒಡೆದರೆ, ಹಾಲು ಉಕ್ಕಿ ಹೋದರೆ, "ಆತು ಬಿಡು, ಮುಂದಿಂದು ನೋಡೂಣು" ಅನ್ನುವುದು ಅವರ ರೂಢಿ. ಅವ್ವನಿಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. "ಮುಂದಿಂದು ಏನ್ ನೋಡ್ತಿ? ಹಾಲು ಹೋತಲ್ಲ" ಅನ್ನುತ್ತಿದ್ದಳು. ಅಷ್ಟರಲ್ಲಿ ವೈನಿ ಒಲೆ ಒರೆಸಿ ಮುಗಿಸಿರುತ್ತಿದ್ದರು.

ನಮ್ಮದು ದ್ರಾಕ್ಷಿ ತೋಟದ ಮನೆ. ತೋಟದ ಪಕ್ಕದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು. ಹಂಗಾಮಿನಲ್ಲಿ ಇಟ್ಟಂಗಿಹಾಳದ ಕಡೆಯಿಂದಲೂ ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಮಣೂಕ ಆರಿಸುತ್ತ ಕೂತಾಗ ಅವರು ಹಾಡುತ್ತಿದ್ದರು, ಅವರ ನಡುವೆ ಕೂತು ವೈನಿಯೂ ಹಾಡುತ್ತಿದ್ದರು. ಅದನ್ನು ನಾನು ಹಾಡೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯಲ್ಲಿ ಹಾಡುವವಳು ಎಂದರೆ ನಾನು. ಸಣ್ಣವಳಿದ್ದಾಗಿನಿಂದ ಊರಿನ ನಿವೃತ್ತ ಮಾಸ್ತರರೊಬ್ಬರ ಹತ್ತಿರ ಹಾರ್ಮೋನಿಯಂ ಮೇಲೆ ಸರಿಗಮ ಕಲಿತವಳು, ಶಾಲೆಯ ಗ್ಯಾದರಿಂಗಿನಲ್ಲಿ ಪ್ರತಿ ವರ್ಷ ಬಹುಮಾನ ತಂದವಳು. ಮನೆಗೆ ಯಾರೇ ಬಂದರೂ ಅಪ್ಪ ಚಹಾ ಬರುವುದಕ್ಕೆ ಮೊದಲೇ "ಒಂದ್ ಹಾಡು ಹಾಡವಾ" ಎನ್ನುತ್ತಿದ್ದ. ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿ, "ಇನ್ನೊಂದು ಹಾಡಸ್ರಿ ಮಾವಾರ" ಎನ್ನುತ್ತಿದ್ದರು.

ಪಿಯುಸಿ ಮುಗಿದ ಮೇಲೆ ನಾನು ವಿಜಯಪುರದ ಸಂಗೀತ ಮಹಾವಿದ್ಯಾಲಯಕ್ಕೆ ಸೇರುತ್ತೇನೆಂದು ಹಟ ಹಿಡಿದೆ. ಅವ್ವನಿಗೆ ಒಲ್ಲದ ಮನಸ್ಸು. ಅಪ್ಪ, "ಮೊದಲ ಹೋಗಿ ನೋಡಕೊಂಡ್ ಬಾ. ಅಲ್ಲಿ ಗುರುಗಳು ನಿನ್ನ ಹಾಡು ಕೇಳಲಿ. ಅವರು ಹೂಂ ಅಂದ್ರ ಆಮ್ಯಾಲೆ ವಿಚಾರ" ಎಂದ. ನನ್ನ ಜೊತೆ ಅಣ್ಣ ಬರಬೇಕಾಗಿತ್ತು. ಅಂದು ತೋಟಕ್ಕೆ ಔಷಧ ಹೊಡೆಯುವುದು ಬಂತು. "ನಿಮ್ಮ ವೈನೀನ ಜೋಡಿಗೆ ಕರಕೊಂಡ್ ಹೋಗು" ಎಂದು ಅಣ್ಣ ಹೇಳಿದ. ಹೀಗೆ ವೈನಿ ಬಂದರು. ಬರುವಾಗ ಅವರಿಗೆ ಇದ್ದ ಉತ್ಸಾಹವೆಲ್ಲ ಸಿದ್ಧೇಶ್ವರ ಗುಡಿಗೆ ಹೋಗಬಹುದು, ಅಲ್ಲೇ ಬಜಾರಿನಲ್ಲಿ ಬಳೆ ಇಟ್ಟುಕೊಳ್ಳಬಹುದು ಅನ್ನುವುದಷ್ಟೇ.

ವಿದ್ಯಾಲಯ ಗುಡಿಯಿಂದ ದೂರವಿರಲಿಲ್ಲ. ಹಳೆಯ ಮನೆಗಳ ಸಾಲಿನಲ್ಲಿ ಒಂದು ಎರಡಂತಸ್ತಿನ ಕಲ್ಲು ಕಟ್ಟಡ. ಕೆಳಗೆ ತಬಲಾ ಕಲಿಸುವ ಕೋಣೆ, ಮೇಲೆ ಗಾಯನದ ಕೋಣೆಗಳು. ಮೆಟ್ಟಿಲು ಹತ್ತುವಾಗಲೇ ಒಂದು ಕೋಣೆಯಿಂದ ಒಂದು ರಾಗ, ಇನ್ನೊಂದರಿಂದ ಇನ್ನೊಂದು ರಾಗ, ಕೆಳಗಿನಿಂದ ತಬಲಾ, ಎಲ್ಲ ಕಲಸಿಕೊಂಡು ಬರುತ್ತಿತ್ತು. ನನಗೆ ಮೈ ಜುಮ್ಮೆಂದಿತು. ನಾನು ಬರಬೇಕಾದ ಜಾಗಕ್ಕೆ ಬಂದಿದ್ದೇನೆ ಅನ್ನಿಸಿತು. ವೈನಿ ನನ್ನ ಕಿವಿಯಲ್ಲಿ, "ಇಷ್ಟು ಗದ್ದಲದಾಗ ಇವರಿಗೆ ತಮ್ಮ ತಮ್ಮ ಹಾಡು ಹ್ಯಾಂಗ ಕೇಳಸ್ತೈತಿ?" ಎಂದು ಕೇಳಿದರು.

ಗುರುಗಳು ಬಿಳಿ ಅಂಗಿ, ಧೋತರದ ಮನುಷ್ಯ. ಚಷ್ಮಾ ಯಾವಾಗಲೂ ಹಣೆಯ ಮೇಲೆ. ಚಾಪೆ ತೋರಿಸಿ ಕೂಡಿಸಿದರು. ಒಬ್ಬ ವಿದ್ಯಾರ್ಥಿನಿ ತಂಬೂರಿ ಹಿಡಿದಳು. ನನ್ನ ಪಟ್ಟಿ ಯಾವುದೆಂದು ಕೇಳಿ, ನಾನು ಯಾವ ಸ್ವರಕ್ಕೆ ಹಾಡುತ್ತೇನೋ ಅದಕ್ಕೆ ಹಾರ್ಮೋನಿಯಂ ಹಿಡಿದರು. ನಾನು ಭೂಪ ರಾಗ ಹಾಡಿದೆ. ತಿಂಗಳುಗಟ್ಟಲೆ ತಿದ್ದಿ ತೀಡಿದ ತಾನುಗಳನ್ನು ಒಂದೂ ಬಿಡದೆ ಹಾಕಿದೆ. ಎಲ್ಲೂ ತಪ್ಪಲಿಲ್ಲ.

"ಚೊಲೋ ತಯಾರಿ ಅದ" ಎಂದರು ಗುರುಗಳು. "ಕೈ ಹಿಡದು ಕಲಿಸ್ಯಾರ ನಿಮ್ಮ ಮಾಸ್ತರರು. ಬರ್ರಿ, ಸೇರ್ರಿ."

ಅಷ್ಟಕ್ಕೇ ನಿಂತಿದ್ದರೆ ನನ್ನ ಬದುಕಿನ ಅತಿ ಒಳ್ಳೆಯ ದಿನ ಅದಾಗುತ್ತಿತ್ತು. ಆದರೆ ಗುರುಗಳು ಮರ್ಯಾದೆಯ ಮನುಷ್ಯ. ಜೊತೆಗೆ ಬಂದವರನ್ನು ಮಾತಾಡಿಸದೆ ಕಳಿಸಬಾರದೆಂದು ವೈನಿಯ ಕಡೆ ತಿರುಗಿ, "ನೀವೂ ಏನರೆ ಹಾಡ್ತೀರೇನವಾ?" ಎಂದು ಕೇಳಿದರು.

"ನಾ ಏನ್ ಹಾಡ್ಲಿರಿ? ತೊಟ್ಲಾ ತೂಗೂ ಪದ, ಅಂಥಾವು ಬರತಾವು."

"ಅದನ್ನ ಹಾಡ್ರಿ. ನಿಮ್ಮ ಪಟ್ಟಿ ಯಾವುದು?"

"ಹಂಗಂದ್ರೇನ್ರಿ?"

ತಂಬೂರಿ ಹಿಡಿದ ಹುಡುಗಿ ನಕ್ಕಳು. ನಾನೂ ನಕ್ಕೆ. ವೈನಿಗೆ ಕೈಯಲ್ಲಿ ಕೆಲಸವಿಲ್ಲದೆ ಹಾಡಿ ಗೊತ್ತಿರಲಿಲ್ಲ. ಕೈ ಎಲ್ಲಿಡಬೇಕೆಂದು ಆಚೀಚೆ ನೋಡಿ, ನನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ಮೆಲ್ಲಗೆ ತಟ್ಟುತ್ತ ಹಾಡತೊಡಗಿದರು.

ತಮ್ಮ ತಾಯಿಯಿಂದ ಕಲಿತ ಜೋಗುಳ. ಅದರಲ್ಲಿ ತಾನು ಇಲ್ಲ, ಆಲಾಪ ಇಲ್ಲ. ಕೆಳಗಿನ ಕೋಣೆಯಲ್ಲಿ ತಬಲಾ ಬಡಿಯುತ್ತಲೇ ಇತ್ತು. ಯಾರೂ ಓಡಿ ಬಂದು ಬಾಗಿಲಲ್ಲಿ ನಿಲ್ಲಲಿಲ್ಲ. ಆದರೆ ಪ್ರತಿ ಸಾಲಿನ ಕೊನೆಗೆ ಅವರ ದನಿ ಒಂದು ಸ್ವರದ ಮೇಲೆ ಹೋಗಿ ಕೂರುತ್ತಿತ್ತು. ಅಲುಗದೆ ಕೂರುತ್ತಿತ್ತು, ಬೇಕಾದಾಗ ಎದ್ದು ಹೋಗುತ್ತಿತ್ತು. ನಾನು ಎಷ್ಟೋ ವರ್ಷ ಬೆಳಗಿನ ಜಾವ ಎದ್ದು ಷಡ್ಜ ಹಚ್ಚಿದವಳು. ನನ್ನ ಷಡ್ಜವನ್ನು ನಾನು ಹುಡುಕಿಕೊಂಡು ಹೋಗಿ ಹಿಡಿಯಬೇಕಿತ್ತು. ಅವರದು ಮನೆಯಲ್ಲೇ ಇತ್ತು. ಹಸಿಮೆಣಸಿನಕಾಯಿ ಅಗಿದರೆ ಖಾರ ನಾಲಗೆಯಿಂದ ಕಿವಿಯವರೆಗೆ ಏರುತ್ತದಲ್ಲ, ಹಾಗೆ ನನಗೆ ಏನೋ ಏರಿತು. ಅದಕ್ಕೆ ಏನು ಹೆಸರೆಂದು ಅಂದೇ ಗೊತ್ತಾಯಿತು.

ಗುರುಗಳು ಚಷ್ಮಾವನ್ನು ಹಣೆಯಿಂದ ಇಳಿಸಿ ಕಣ್ಣಿಗೆ ಹಾಕಿಕೊಂಡರು. "ನಾ ಅಂದಂಗ ಅನ್ನು ತಾಯಿ" ಎಂದು ಸಣ್ಣ ತುಣುಕೊಂದನ್ನು ಹಾಡಿದರು. ವೈನಿ ಅಂದರು. ಸ್ವಲ್ಪ ಉದ್ದದ್ದು. ಅದನ್ನೂ ಅಂದರು. ಒಮ್ಮೆ ತಪ್ಪಿ ಸೆರಗು ಬಾಯಿಗೆ ಹಿಡಿದು ನಕ್ಕರು. ಗುರುಗಳೂ ನಕ್ಕು ಮತ್ತೆ ಹೇಳಿಕೊಟ್ಟರು. ಚಾಪೆಯ ಮೇಲೆ ನಾನು ಕೂತಿದ್ದೇನೆಂಬುದು ಅವರಿಬ್ಬರಿಗೂ ಮರೆತುಹೋಗಿತ್ತು. ತಂಬೂರಿಯ ಹುಡುಗಿಯ ಬೆರಳು ನೊಂದು ಅವಳು ಕೈ ಬದಲಿಸಿದಾಗಲೇ ಅವರಿಗೆ ಎಚ್ಚರವಾದದ್ದು.

"ಇಬ್ಬರೂ ಬರ್ರಿ" ಎಂದರು. ನನ್ನ ಕಡೆ ನೋಡಿ, "ನಿನ್ನ ಕಡೆ ಅಭ್ಯಾಸ ಅದ." ವೈನಿಯ ಕಡೆ ನೋಡಿ, "ಈಕಿ ಕಡೆ ಸ್ವರ ಅದ."

ಅವರು ಕೆಟ್ಟದ್ದನ್ನೇನೂ ಹೇಳಲಿಲ್ಲ. ಆ ಎರಡು ಮಾತು ಎಷ್ಟು ಸರಿ ಎಂಬುದು ನನಗೆ ಆಗಲೇ ತಿಳಿದಿತ್ತು. ಅದಕ್ಕೇ ಸಹಿಸಲಾಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ವೈನಿ ಹೊಸ ಬಳೆ ನೋಡಿಕೊಳ್ಳುತ್ತ, "ಆ ಖೋಲಿ ಎಷ್ಟು ತಂಪಿತ್ತಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀ ಹಾಡೂ ಮುಂದ ನಾ ಸಿದ್ಧೇಶ್ವರಗ ಬೇಡಕೋತಿದ್ನಿ ನೋಡು. ಎಲ್ಲೆರೆ ತಪ್ಪೀದಿ ಅಂತ. ಒಂದೂ ತಪ್ಪಲಿಲ್ಲ ನೀ" ಎಂದರು. ನನಗಾಗಿ ಹೆದರಿದ್ದರು ಅವರು. ಅವರ ಮೇಲೆ ಸಿಟ್ಟಾಗಲಿಕ್ಕೆ ಒಂದು ಕಾರಣವನ್ನಾದರೂ ಕೊಟ್ಟಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಸಂಜೆ ಊಟಕ್ಕೆ ಕೂತಾಗ ವೈನಿಯೇ ಸುದ್ದಿ ಹೇಳಿದರು, ಅದೂ ನಗೆಮಾತಿನ ಹಾಗೆ. "ಮಾವಾರ, ಅವರು ನನಗೂ ಬಾ ಅಂದ್ರು" ಎಂದು ಹೇಳಿ ಮುಗಿಸುವ ಮೊದಲು ನಕ್ಕುಬಿಟ್ಟರು. ಅಣ್ಣ ನಕ್ಕ. ಅವ್ವ, "ಇಬ್ಬರೂ ಹಾಡಾಕ ಹೋದ್ರ ರೊಟ್ಟಿ ಬಡಿಯೋರು ಯಾರು? ನಾ ಏನು?" ಎಂದು ನಕ್ಕಳು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ನಾನು.

ಅಪ್ಪ ಮಾತ್ರ ತಾಟಿನಲ್ಲಿ ಕೈ ಇಟ್ಟುಕೊಂಡು ಯೋಚನೆ ಮಾಡುತ್ತಿದ್ದ. "ಹೋಗಲಿ ಬಿಡ್ರಿ" ಎಂದ ಕೊನೆಗೆ. "ಹುಡುಗಿ ಒಬ್ಬಾಕಿ ದಿನಾ ಬಸ್ಸಿಗೆ ಓಡ್ಯಾಡೂಕಿಂತ ಜೋಡಿಗೆ ಮನಿಯಾಕಿ ಇದ್ರ ಚೊಲೋ."

ಯಾರೂ ವೈನಿಯ ಸ್ವರಕ್ಕಾಗಿ ಅವರನ್ನು ಕಳಿಸಲಿಲ್ಲ. ನನಗೆ ಜೋಡಿಯಾಗಲಿ ಎಂದು ಕಳಿಸಿದರು. ನಾನು ಹಟ ಹಿಡಿದು ತೆರೆಸಿದ ಬಾಗಿಲಲ್ಲಿ ಅವರು ನನ್ನ ಹಿಂದೆಯೇ ಒಳಗೆ ಬಂದರು.

ಮುಂದಿನ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ನಾವಿಬ್ಬರೂ ಕೂಡಿ ಓಡಾಡಿದೆವು. ವೈನಿ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ನನ್ನ ಹೆರಳು ಹಾಕಿ, ತಮ್ಮದನ್ನು ಬಸ್‌ಸ್ಟ್ಯಾಂಡಿಗೆ ಹೋಗುವಾಗ ದಾರಿಯಲ್ಲಿ ಸರಿಮಾಡಿಕೊಳ್ಳುತ್ತಿದ್ದರು. ತರಗತಿಯಲ್ಲಿ ಅವರ ಕೈಗೆ ತಂಬೂರಿ ಕೊಟ್ಟ ಮೇಲೆ ಕೈ ಎಲ್ಲಿಡಬೇಕೆಂಬ ತಾಪತ್ರಯ ಹೋಯಿತು. ಸ್ವರಲಿಪಿ ಬರೆಯುವುದು ಅವರಿಗೆ ಹತ್ತಲಿಲ್ಲ. ಶಾಸ್ತ್ರದ ಪಾಠ ನಡೆದರೆ ಕಿಟಕಿಯಾಚೆ ಪಾರಿವಾಳ ನೋಡುತ್ತಿದ್ದರು. ಬರೆಯುವುದು, ನೆನಪಿಡುವುದು, ಪರೀಕ್ಷೆ, ಇವೆಲ್ಲ ನನ್ನವು. ಅದರಲ್ಲಿ ನಾನು ಯಾವಾಗಲೂ ಮೊದಲು. ಆ ಮೊದಲನೆಯ ಸ್ಥಾನದಿಂದ ನನಗೆ ಎಳ್ಳಷ್ಟೂ ಸುಖ ಸಿಗಲಿಲ್ಲ.

ರಾಗಗಳ ಹೆಸರು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ತಾವೇ ಹೆಸರಿಟ್ಟುಕೊಂಡಿದ್ದರು. ಯಮನ್ ಎಂದರೆ "ದೀಪಾ ಹಚ್ಚೂದು". ಭೀಮಪಲಾಸಿ ಎಂದರೆ "ಮಧ್ಯಾಹ್ನ ನಿದ್ದಿ ಬರಲಾರದ್ದು". ಭೈರವ ಎಂದರೆ "ತಣ್ಣೀರು ಮೈಮ್ಯಾಗ ಹಾಕ್ಕೊಂಡದ್ದು". ಒಂದು ದಿನ ಗುರುಗಳು, "ನಿನ್ನೆ ಯಾವುದು ನಡದಿತ್ತು?" ಎಂದು ಕೇಳಿದಾಗ ವೈನಿ ಅವಸರದಲ್ಲಿ, "ದೀಪಾ ಹಚ್ಚೂದು, ಗುರುಗಳ" ಎಂದುಬಿಟ್ಟರು. ತರಗತಿಯೆಲ್ಲ ನಕ್ಕಿತು. ಗುರುಗಳು ನಗಲಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸಿ, "ಹೌದು, ಅದ ಅದು" ಎಂದರು. ಅಂದಿನಿಂದ ಅವರೂ ಕೆಲವೊಮ್ಮೆ ಹಾಗೆಯೇ ಅನ್ನತೊಡಗಿದರು. "ಇವತ್ತ ದೀಪಾ ಹಚ್ಚೂಣೇನು?" ಎಂದು ಹಾರ್ಮೋನಿಯಂ ಎಳೆದುಕೊಳ್ಳುತ್ತಿದ್ದರು. ಯಮನ್ನಿನ ಆರೋಹ, ಅವರೋಹ, ವಾದಿ, ಸಂವಾದಿ ಎಲ್ಲ ಬಾಯಿಪಾಠವಿದ್ದ ನಾನು ನಡುವೆ ಕೂತಿರುತ್ತಿದ್ದೆ.

ಗುರುಪೂರ್ಣಿಮೆಗೆ ವಿದ್ಯಾರ್ಥಿಗಳ ಗಾಯನ ಇತ್ತು. ವೈನಿಗೂ ಹಾಡಲು ಹೇಳಿದರು. "ಅಷ್ಟು ಮಂದಿ ಮುಂದ ನನಗ ನಗು ಬರತೈತ್ರಿ" ಎಂದು ಒಲ್ಲೆ ಅಂದರು. ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಹಿಂದೆ ಅವರು ತಂಬೂರಿ ಹಿಡಿದು ಕೂತರು. ನಾನು ಚೆನ್ನಾಗಿಯೇ ಹಾಡಿದೆ, ಜನ ಚಪ್ಪಾಳೆ ತಟ್ಟಿದರು. ಆದರೆ ಹಾಡುವಾಗ ಎದುರಿಗೆ ಕೂತ ಗುರುಗಳನ್ನು ನೋಡುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದರು. ನಾನು ಹಚ್ಚಿದ ಸ್ವರ ಸರಿಬಿತ್ತೋ ಇಲ್ಲವೋ ಎಂಬುದನ್ನು ಅವರು ವೈನಿಯ ಮುಖದಲ್ಲಿ ಓದಿಕೊಳ್ಳುತ್ತಿದ್ದರು.

ಎರಡನೆಯ ವರ್ಷ ವೈನಿ ಬಸುರಾದರು. ಬಸ್ಸಿನ ಓಡಾಟ ಬೇಡವೆಂದಳು ಅವ್ವ. "ಆತು ಬಿಡ್ರಿ" ಎಂದು ವೈನಿ ಮನೆಯಲ್ಲಿ ಉಳಿದರು. ಅಷ್ಟು ಹೊತ್ತಿಗೆ ನನಗೂ ಒಬ್ಬಳೇ ಓಡಾಡುವ ರೂಢಿಯಾಗಿತ್ತು. ಜೋಡಿ ಬೇಕೆಂದು ಯಾರೂ ಹೇಳಲಿಲ್ಲ. ಇನ್ನು ಗುರುಗಳು ನನ್ನವರು ಎಂದುಕೊಂಡು ವಿದ್ಯಾಲಯದ ಮೆಟ್ಟಿಲು ಹತ್ತಿದೆ. ಅವರು ದಿನವೂ ಕೇಳುವ ಮೊದಲ ಪ್ರಶ್ನೆ, "ಹ್ಯಾಂಗದಾಳ ನಿಮ್ಮ ವೈನಿ?" ಎರಡನೆಯದು, "ಮನ್ಯಾಗ ಹಾಡ್ತಾಳೋ ಇಲ್ಲೋ?" ಎದುರಿಗೆ ಇದ್ದಾಗ ವೈನಿಯ ಜಾಗ ಒಂದು ಚಾಪೆಯಷ್ಟಿತ್ತು, ಇಲ್ಲವಾದ ಮೇಲೆ ಕೋಣೆ ತುಂಬಿಕೊಂಡರು.

ಮಗು ಹುಟ್ಟಿದ ಮೇಲೆ ಗುರುಗಳು ಒಂದು ದಿನ ತಿಕೋಟಾಕ್ಕೇ ಬಂದರು. ಕೂಸು ನೋಡಲು ಬಂದದ್ದು ಎಂದರು. ಅವ್ವ ಚಹಾ ಮಾಡಿದಳು. ಕೂಸನ್ನು ಒಮ್ಮೆ ನೋಡಿದ ಶಾಸ್ತ್ರ ಮುಗಿಸಿ, "ದೀಪಾ ಹಚ್ಚವಾ" ಎಂದರು. ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅವ್ವ ನಿಜಕ್ಕೂ ದೀಪ ಹಚ್ಚಲು ಎದ್ದಳು. ನಾನು ನನ್ನ ತಂಬೂರಿ ತಂದು ಶ್ರುತಿ ಕೂಡಿಸಿ ಹಿಡಿದೆ. ವೈನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿದರು. ಅಪ್ಪ, ಅಣ್ಣ ತೋಟಕ್ಕೆ ಹೋಗಿದ್ದರು. ಕೇಳಿದವರು ಗುರುಗಳು, ಅವ್ವ ಮತ್ತು ನಾನು. ಎಷ್ಟೋ ತಿಂಗಳು ಅಭ್ಯಾಸವಿಲ್ಲದ ದನಿ. ಒಂದೆರಡು ಕಡೆ ಒರಟಾಯಿತು. ಉಳಿದಂತೆ ಎಲ್ಲ ಅಲ್ಲೇ ಇತ್ತು, ಇಟ್ಟಲ್ಲೇ ಇತ್ತು. ಹೊರಡುವಾಗ ಗುರುಗಳು ಅಂಗಳದಲ್ಲಿ ನಿಂತು, "ಬಿಡಬ್ಯಾಡ" ಎಂದರು. ವೈನಿ, "ಆತ್ರಿ" ಎಂದರು.

ವೈನಿ ಮತ್ತೆ ವಿದ್ಯಾಲಯಕ್ಕೆ ಹೋಗಲಿಲ್ಲ. ಇನ್ನೊಂದು ಮಗುವಾಯಿತು. ಅವ್ವನಿಗೆ ಮೊಣಕಾಲು ನೋವು ಬಂದು ಮನೆ ಅವರ ಕೈಗೆ ಬಂತು, ಆಮೇಲೆ ಮಣೂಕದ ಶೆಡ್ಡಿನ ಉಸ್ತುವಾರಿಯೂ ಬಂತು. ಅದನ್ನು ಅವರು ಚೆನ್ನಾಗಿ ನಡೆಸಿದರು, ಖುಷಿಯಿಂದ ನಡೆಸಿದರು. ನಾನು ಪದವಿ ಮುಗಿಸಿ ವಿಜಯಪುರದ ಒಂದು ಶಾಲೆಯಲ್ಲಿ ಸಂಗೀತ ಶಿಕ್ಷಕಿಯಾದೆ. ಮದುವೆಯಾಗಿ ಜಲನಗರದಲ್ಲಿ ಮನೆ ಮಾಡಿದೆ. ಅಲ್ಲಿ ಇಲ್ಲಿ ಕಾರ್ಯಕ್ರಮ ಕೊಟ್ಟೆ. ನಮ್ಮ ನೆಂಟರೆಲ್ಲ ನನ್ನನ್ನೇ ಗಾಯಕಿ ಅನ್ನುತ್ತಿದ್ದರು. ಸುಖವಾಗಿರಬೇಕಾಗಿತ್ತು. ಆದರೆ ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಶೆಡ್ಡಿನ ಕಡೆಯಿಂದ ಆ ದನಿ ಬಂದರೆ ನನ್ನ ಊಟ ರುಚಿಸುತ್ತಿರಲಿಲ್ಲ. ತಮಗೆ ಬೇಡವೇ ಬೇಡವೆಂಬಂತೆ ಅವರು ಅದನ್ನು ಮಣೂಕದ ಬುಟ್ಟಿಗಳ ನಡುವೆ ಚೆಲ್ಲಿಕೊಂಡು ಕೂತಿದ್ದರು. ನಾನು ಬೆಳಗಿನ ಜಾವ ಎದ್ದು ಹುಡುಕುತ್ತಿದ್ದದ್ದು ಅದೇ.

ಮೂರು ನಾಲ್ಕು ವರ್ಷದ ಹಿಂದೆ ವೈನಿಯ ಕೊರಳಲ್ಲಿ ಗಂಟು ಕಾಣಿಸಿತು. ವಿಜಯಪುರದಲ್ಲೇ ಆಪರೇಶನ್ ಆಯಿತು. ಗಂಟು ಕೆಟ್ಟದ್ದಾಗಿರಲಿಲ್ಲ. ಆದರೆ ದನಿಯ ನರಕ್ಕೆ ಪೆಟ್ಟಾಗಬಹುದು, ಆಗ ಮೊದಲಿನ ದನಿ ಬರುವುದು ಕಷ್ಟ ಎಂದು ಡಾಕ್ಟರರು ಮೊದಲೇ ಎಚ್ಚರಿಸಿದಂತೆಯೇ ಆಯಿತು. ಗಾಯ ಮಾಯುವವರೆಗೆ ಅವರು ಜಲನಗರದಲ್ಲಿ ನಮ್ಮ ಮನೆಯಲ್ಲಿದ್ದರು. ಬಾಯಿ ತೆರೆದರೆ ಒಣ ಎಲೆ ತುಳಿದಂಥ ಸಪ್ಪಳ. ಅದನ್ನು ಮೊದಲ ಸಲ ಕೇಳಿದಾಗ ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಅತ್ತಿದ್ದೆ, ಮನಸ್ಸು ತುಂಬಿ ಅತ್ತಿದ್ದೆ. ಇನ್ನಾದರೂ ನನ್ನ ಹೊಟ್ಟೆಯೊಳಗಿನ ಉರಿ ಆರುತ್ತದೆ ಎಂದುಕೊಂಡಿದ್ದೆ.

ಸಂಜೆ ಹೊತ್ತು ನಮ್ಮ ಮನೆಗೆ ಓಣಿಯ ಮಕ್ಕಳು ಸಂಗೀತ ಕಲಿಯಲು ಬರುತ್ತಾರೆ. ವೈನಿ ಕೊರಳಿಗೆ ಪಟ್ಟಿ ಸುತ್ತಿಕೊಂಡು ಮೂಲೆಯಲ್ಲಿ ಸೊಪ್ಪು ಸೋಸುತ್ತ ಕೂರುತ್ತಿದ್ದರು. ಒಂದು ಹುಡುಗಿಗೆ ಎಷ್ಟು ಹೇಳಿದರೂ ಯಮನ್ನಿನ ಒಂದು ತಿರುವು ಹತ್ತುತ್ತಿರಲಿಲ್ಲ. ನಾನು ಹಾಡಿ ತೋರಿಸಿದೆ, ಬರೆದು ತೋರಿಸಿದೆ. ವೈನಿ ಸೊಪ್ಪು ಬದಿಗಿಟ್ಟು ಅವಳನ್ನು ಹತ್ತಿರ ಕರೆದು, ಆ ಒಡಕು ದನಿಯಲ್ಲೇ ಏನೋ ಗೊಣಗಿ, ಕೈಯಿಂದ ಗಾಳಿಯಲ್ಲಿ ಮೆಲ್ಲಗೆ ಇಳಿಸಿ ತೋರಿಸಿದರು. ಸ್ವರ ಹೊರಡಲೇ ಇಲ್ಲ ಅವರ ಕೊರಳಿನಿಂದ. ಹುಡುಗಿ ಸರಿಯಾಗಿ ಹಾಡಿದಳು. ಮರುದಿನದಿಂದ ಮಕ್ಕಳೆಲ್ಲ ನನ್ನೆದುರು ಹಾಡಿ ತಿರುಗಿ ಮೂಲೆಯ ಕಡೆ ನೋಡತೊಡಗಿದರು. ಒಬ್ಬ ತಾಯಿ ನನ್ನನ್ನೇ ಕೇಳಿದಳು: "ಅವರೂ ಕಲಸ್ತಾರೇನ್ರಿ ಟೀಚರ್? ನಮ್ಮ ಹುಡುಗಿ ಅವರ ಹಂತ್ಯಾಕ ಕೂಡ್ತೇನಿ ಅಂತಾಳ್ರಿ." ದನಿಯೇ ಇಲ್ಲದವರ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು.

ಆ ದಿನ ಮಕ್ಕಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅವರೆದುರು ನೆಲದ ಮೇಲೆ ಕೂತು ಕೇಳಿದೆ.

"ವೈನಿ, ನಿಮಗ ಏನೂ ಅನಸೂದಿಲ್ಲೇನು? ದನಿ ಹೋತಲ್ಲ."

"ಅನಸ್ತೈತಿ" ಎಂದರು ಪಿಸುದನಿಯಲ್ಲಿ. "ಅಡಿಗಿ ಮಾಡೂ ಮುಂದ ಬಾಯಿ ತಗದ್ರ ಬ್ಯಾರೇನ ಯಾರೋ ಬಂದಂಗ ಆಗತೈತಿ. ಒಂದೊಂದ್ಸಲ ಅಳೂ ಬರತೈತಿ. ನಿಮ್ಮಣ್ಣನ ಮುಂದ ಅಳೂದಿಲ್ಲ, ಹೆದರತಾರ ಅವರು."

ನಾನು ಹೇಳಿಬಿಟ್ಟೆ. "ನನಗ ನಿಮ್ಮ ಮ್ಯಾಲೆ ಭಾಳ ಹೊಟ್ಟಿಕಿಚ್ಚೈತ್ರಿ."

"ಗೊತ್ತೈತಿ."

"ಯಾವಾಗಿಂದ?"

"ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ದೆಲ್ಲ, ಅವತ್ತಿಂದ."

"ಮತ್ತ ಯಾಕ ಏನೂ ಅನ್ನಲಿಲ್ಲ ನನಗ?"

ವೈನಿ ಕೊರಳಿನ ಪಟ್ಟಿಯ ಮೇಲೆ ಕೈ ಇಟ್ಟುಕೊಂಡರು. ಆ ದನಿಯಲ್ಲಿ ಉದ್ದ ಮಾತಾಡುವುದು ಅವರಿಗೆ ಕಷ್ಟವಿತ್ತು. ಆದರೂ ಆಡಿದರು.

"ನನಗ ಚೊಲೋ ಅನಸ್ತಿತ್ತು ತಂಗಿ. ನಮ್ಮವ್ವ ನನ್ನ ಹಾಡು ಕೇಳಿ ಮಕ್ಕೊಂಡಬಿಡತಿದ್ಲು. ಶೆಡ್ಡಿನ್ಯಾಗಿನ ಹೆಂಗಸರಿಗೆ ಹೊತ್ತು ಹೋದ್ರ ಸಾಕು. ನಿಮ್ಮಣ್ಣ ಹೂಂ, ಛಂದೈತಿ ಅಂದು ಫೋನ್ ನೋಡ್ತಾರ. ನನ್ನ ಹಾಡು ಕೇಳಿ ಊಟಾ ಬಿಟ್ಟಾಕಿ ನೀ ಒಬ್ಬಾಕೀನ. ನೀ ಮಾರಿ ಸಣ್ಣದು ಮಾಡಿದ್ರ, ಇವತ್ತ ಏನೋ ಚೊಲೋ ಹಾಡೀನಿ ಅಂತ ತಿಳಕೋತಿದ್ನಿ."

ಹೇಳಿ ಅವರು ನಗಲು ಹೋದರು, ಕೆಮ್ಮು ಬಂತು. ನಾನು ನೀರು ತಂದುಕೊಟ್ಟೆ. ಆಮೇಲೆ ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಗಾಯ ಮಾದ ಮೇಲೆ ಅವರು ತಿಕೋಟಾಕ್ಕೆ ಹೋದರು. ಶೆಡ್ಡಿನಲ್ಲಿ ಹೆಂಗಸರ ನಡುವೆ ಕೂತು ಒಡಕು ದನಿಯಲ್ಲೇ ಹಾಡುತ್ತಿದ್ದರು, ಸಂಕೋಚವೇನೂ ಇರಲಿಲ್ಲ. ಹಬ್ಬಕ್ಕೆ ಹೋದಾಗ ನಾನು ಬುಟ್ಟಿ ಎಳೆದುಕೊಂಡು ಹತ್ತಿರ ಕೂರುತ್ತಿದ್ದೆ.

ಈ ಚಳಿಗಾಲದಲ್ಲಿ ಅವರು ಹೋದ ಮೇಲೆ ಮನೆಗೆ ಮಾತಾಡಿಸಲು ಜನ ಬರುತ್ತಲೇ ಇದ್ದರು. ಬಬಲೇಶ್ವರದ ಕಡೆಯವರು, ಶೆಡ್ಡಿನ ಹೆಂಗಸರು, ದ್ರಾಕ್ಷಿ ವ್ಯಾಪಾರದವರು. ಎಲ್ಲರೂ ಅವರ ನಗುವನ್ನು ನೆನೆದರು, ಕೈಯ ಅಡುಗೆಯನ್ನು ನೆನೆದರು, ಅತ್ತೆ ಮಾವನನ್ನು ನೋಡಿಕೊಂಡ ರೀತಿಯನ್ನು ನೆನೆದರು. ಹಾಡಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಎತ್ತಿದವಳು ಒಬ್ಬಳು ದೂರದ ಚಿಕ್ಕಮ್ಮ, ಅದೂ ನನ್ನ ವಿಷಯಕ್ಕೆ. ನನ್ನ ಕೈ ಹಿಡಿದುಕೊಂಡು, "ನೀ ಹಾಡ್ತಿ ಅಂತ ಭಾಳ ಅಭಿಮಾನ ಇತ್ತವಾ ಆಕಿಗೆ. ಅಕ್ಕ ತಂಗ್ಯಾರಂಗ ಇದ್ರಿ ಇಬ್ಬರೂ. ಒಂದ ದಿನಾನೂ ಒಬ್ಬರಿಗೊಬ್ಬರು ಹೊಟ್ಟಿಕಿಚ್ಚು ಅನ್ನೂದ ಇದ್ದಿದ್ದಿಲ್ಲ" ಎಂದಳು.

"ನನಗೈತ್ರಿ" ಎಂದೆ.

ಚಿಕ್ಕಮ್ಮ ಕೈ ಬಿಟ್ಟಳು. ದುಃಖದಲ್ಲಿ ಏನೋ ಬಡಬಡಿಸುತ್ತಾಳೆ ಎಂದುಕೊಂಡಿರಬೇಕು. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಅವ್ವನ ಹತ್ತಿರ ಹೋದಳು. ಗೋಡೆಗೆ ಒರಗಿ ಕೂತಿದ್ದ ಅಣ್ಣ ತಲೆ ಎತ್ತಿದ. ಅವನು ವೈನಿ ಹೋದಂದಿನಿಂದ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ.

"ಏನಂದಿ ನೀ?"

"ವೈನಿ ಮ್ಯಾಲೆ ನನಗ ಹೊಟ್ಟಿಕಿಚ್ಚೈತಿ ಅಂದೆ. ಅವರ ಹಾಡಿನ ಸಲುವಾಗಿ."

ಅಣ್ಣ ನನ್ನನ್ನೇ ನೋಡಿದ. ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ. ಇಷ್ಟು ವರ್ಷ ಬಾಳಿದ ಮನೆಯಲ್ಲಿ ತಾನು ಒಮ್ಮೆಯೂ ಕಾಲಿಡದ ಒಂದು ಕೋಣೆ ಇದೆ ಎಂದು ಯಾರೋ ಹೇಳಿದ ಹಾಗೆ ಕೂತಿದ್ದ.

"ಅಷ್ಟು ಚೊಲೋ ಹಾಡ್ತಿದ್ಲೇನು ಆಕಿ?" ಎಂದು ಕೇಳಿದ.

"ಹೂಂ."

"ನಿನಕಿಂತಾನೂ?"

ಗುರುಗಳು ಎದುರಿಗಿದ್ದಾಗ, ಅಪ್ಪ ಅವ್ವನ ಜೊತೆ ಊಟಕ್ಕೆ ಕೂತಾಗ, ವೈನಿಯ ಮುಂದೆ ಕೂತು ಎಲ್ಲ ಹೇಳಿಕೊಂಡ ದಿನ ಕೂಡ ಈ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ.

"ನನಕಿಂತಾನೂ" ಎಂದೆ. ಅಣ್ಣ ಮೆಲ್ಲಗೆ ಹತ್ತಿರ ಸರಿದು ಕೂತ. "ಹೇಳು" ಎಂದ.